ವೋಟು ಕೇಳುವುದು ಕನ್ನಡದಲ್ಲಿ, ನೋಟಿಸು ಬರುವುದು ಮಲಯಾಳದಲ್ಲಿ

ಕೇರಳ ರಾಜ್ಯದ ಮುಖ್ಯ ಚುನಾವಣಾ ಅಧಿಕಾರಿಯವರಿಗೆ,

ನಮಸ್ಕಾರ. ನಾನು ಮಂಜೇಶ್ವರ ಕ್ಷೇತ್ರದವಳು. ನಿಮ್ಮ ಪಟ್ಟಿಯಲ್ಲಿ ಒಂದನೇ ನಂಬರಿನ ಕ್ಷೇತ್ರ ನಮ್ಮದು. 140ನೆಯದು ನೆಯ್ಯಾಟಿಂಕರ, ಅದು ನಿಮ್ಮ ತಿರುವನಂತಪುರಕ್ಕೆ ಹತ್ತಿರ. ನಾವು ಇನ್ನೊಂದು ತುದಿ. ಲೆಕ್ಕ ನಮ್ಮಿಂದಲೇ ಶುರುವಾಗುತ್ತದೆ, ಕೆಲಸ ಮಾತ್ರ ನಮ್ಮ ತನಕ ಬಂದು ಮುಟ್ಟುವುದಿಲ್ಲ.

ವಿಷಯ ಇಷ್ಟೇ. ನಮ್ಮ ಅತ್ತೆ ಬದುಕಿದ್ದಾರೆ. ನಾನು ಇದನ್ನು ಬರೆಯುವಾಗ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಾರೆ. ಮತದಾರರ ಪಟ್ಟಿಯಲ್ಲಿ ಮಾತ್ರ ಅವರು ತೀರಿಕೊಂಡಿದ್ದಾರೆ. ಅವರ ಹೆಸರು ವಾಪಸು ಬರಬೇಕು. ಹೆಸರು ತೆಗೆಯುವ ಮೊದಲು ಯಾರಾದರೂ ಮನೆಗೆ ಬಂದು ನೋಡಬೇಕು. ನಮಗೆ ಬರುವ ನೋಟಿಸು ಕನ್ನಡದಲ್ಲಿ ಇರಬೇಕು. ಇದನ್ನೇ ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಸರ ಮಾಡಬೇಡಿ.

ಅತ್ತೆಗೆ ಎಂಬತ್ತು ದಾಟಿದೆ. ಅವರ ಅಪ್ಪನಿಗೆ 1957ರಲ್ಲಿ ವಿಧಾನಸಭೆಗೆ ವೋಟು ಹಾಕುವ ಕೆಲಸವೇ ಬರಲಿಲ್ಲ. ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಮಂಜೇಶ್ವರದಿಂದ ಅವಿರೋಧವಾಗಿ ಗೆದ್ದಿದ್ದರು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದ ಗಾಯ ಆಗ ಇನ್ನೂ ಹಸಿ. 1960ರಲ್ಲಿ ಕೆ. ಮಹಾಬಲ ಭಂಡಾರಿ ಬಂದರು, ಕಾಸರಗೋಡು ಕನ್ನಡ ರಾಜ್ಯಕ್ಕೆ ಸೇರಬೇಕು ಎಂದು ಹೋರಾಡಿದವರು. ಅತ್ತೆಗೆ 21 ತುಂಬಿ ಮೊದಲ ವೋಟು ಬಂದದ್ದು 1965ರಲ್ಲಿ. ಆಗಲೂ ಭಂಡಾರಿಯವರೇ ಗೆದ್ದರು. ಆದರೆ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ, ಆ ವಿಧಾನಸಭೆ ಒಂದು ದಿನವೂ ಸೇರದೆ ಮುಗಿಯಿತು. ಮೊದಲ ವೋಟೇ ನೀರಿಗೆ ಹೋಯಿತು. ಬೇರೆಯವರಾದರೆ ಇನ್ನು ಸಾಕಪ್ಪ ಅನ್ನುತ್ತಿದ್ದರು. ಅತ್ತೆ 1967ರಲ್ಲಿ ಮತ್ತೆ ಹೋಗಿ ಸಾಲಿನಲ್ಲಿ ನಿಂತರು.

ಆಮೇಲೆ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ಸಿಪಿಐಯ ಎಂ. ರಾಮಪ್ಪ ಗೆದ್ದ 1970, 1977. ಅದೇ ಪಕ್ಷದ ಡಾ. ಎ. ಸುಬ್ಬರಾವ್ ಗೆದ್ದ 1980, 1982. ನಾಯನಾರ್ ಸರಕಾರದಲ್ಲಿ ಸುಬ್ಬರಾಯರು ನೀರಾವರಿ ಮಂತ್ರಿಯೂ ಆದರು. 1987ರಿಂದ ನಾಲ್ಕು ಸಲ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ. 2006ರಲ್ಲಿ ಸಿಪಿಎಂನ ಸಿ.ಎಚ್. ಕುಞಂಬು. 2011ರಲ್ಲಿ ಮತ್ತೆ ಲೀಗಿಗೆ, ಪಿ.ಬಿ. ಅಬ್ದುಲ್ ರಝಾಕ್. ಪಕ್ಷೇತರರು, ಕಮ್ಯುನಿಸ್ಟರು, ಲೀಗು, ಎಲ್ಲರನ್ನೂ ಗೆಲ್ಲಿಸಿದ ಕ್ಷೇತ್ರ ಇದು. ಅತ್ತೆ ಯಾರಿಗೆ ಹಾಕಿದರು ಎಂದು ಕೇಳಬೇಡಿ. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದೇವೆ, ನಮಗೇ ಹೇಳಿಲ್ಲ.

ಈಗ 2016. ನಿಮಗೆ ಮರೆತಿರಲಿಕ್ಕಿಲ್ಲ. ರಝಾಕ್ ಅವರಿಗೆ 56,870 ವೋಟು, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಅಂತರ ಬರೀ 89. ಒಂದು ಮದುವೆಮನೆಯ ಮೊದಲ ಪಂಕ್ತಿಗೆ ಕೂರುವಷ್ಟೂ ಜನ ಅಲ್ಲ. ಸತ್ತವರ ಹೆಸರಿನಲ್ಲಿ, ಗಲ್ಫಿನಲ್ಲಿ ಇದ್ದವರ ಹೆಸರಿನಲ್ಲಿ ವೋಟು ಬಿದ್ದಿದೆ ಎಂದು ಸುರೇಂದ್ರನ್ ಹೈಕೋರ್ಟಿಗೆ ಹೋದರು. 259 ವೋಟುಗಳ ಬಗ್ಗೆ ದೂರು. ಕೋರ್ಟು ಸಮನ್ಸ್ ಕಳಿಸಿತು. ನೋಡಿದರೆ ಸತ್ತವರು ಎಂದು ತೋರಿಸಿದ್ದವರಲ್ಲಿ ಕೆಲವರು ಮನೆಯಲ್ಲೇ ಇದ್ದರು, ಕೈಯಾರೆ ಸಮನ್ಸ್ ತೆಗೆದುಕೊಂಡರು! ಇಡೀ ರಾಜ್ಯ ನಕ್ಕಿತು. ನಾವೂ ನಕ್ಕೆವು.

2018ರ ಅಕ್ಟೋಬರಿನಲ್ಲಿ ರಝಾಕ್ ತೀರಿಕೊಂಡರು. ಕೇಸು ಬಾಕಿ ಇತ್ತು, ಉಪಚುನಾವಣೆ ಮುಂದೆ ಮುಂದೆ ಹೋಯಿತು. ಅರ್ಜಿ ವಾಪಸಾಗಿ ವೋಟು ನಡೆದದ್ದು 2019ರ ಅಕ್ಟೋಬರ್ 21ಕ್ಕೆ. ಒಂದು ವರ್ಷ ನಮಗೆ ಶಾಸಕರೇ ಇರಲಿಲ್ಲ. ಇನ್ನು 2021ರಲ್ಲಿ ಲೀಗಿನ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ವೋಟಿನಲ್ಲಿ. ಅವರು ಪ್ರಮಾಣ ವಚನ ಕನ್ನಡದಲ್ಲೇ ಮಾಡಿದರು, ನಮಗೆ ಖುಷಿ ಆಯಿತು. ಇಂಥ ಕ್ಷೇತ್ರದಲ್ಲಿ ಒಂದು ಹೆಸರನ್ನು ಹೊಡೆದು ಹಾಕುವಾಗ ಎಷ್ಟು ಜಾಗ್ರತೆ ಬೇಕು ಎಂದು ನಾನು ನಿಮಗೆ ಹೇಳಿಕೊಡಬೇಕಾ?

2024ರ ಏಪ್ರಿಲ್ 26. ಲೋಕಸಭೆಗೆ ವೋಟು. ಬಿಸಿಲು ಏರುವ ಮೊದಲೇ ಹೋಗೋಣ ಎಂದು ಅತ್ತೆ ಬೆಳಗ್ಗೆಯೇ ಒಳ್ಳೆ ಸೀರೆ ಉಟ್ಟು ಹೊರಟರು. ಅವರಿಗೆ ಮಂಡಿನೋವು, ರಿಕ್ಷಾ ಮಾಡಿಸಿದೆವು. ಬೂತಿನಲ್ಲಿ ಪಟ್ಟಿ ನೋಡಿದವರು ತಲೆ ಎತ್ತಲಿಲ್ಲ. ಹೆಸರು ತೆಗೆದಿದ್ದಾರೆ ಅಂದರು. ಯಾಕೆ ಎಂದು ಕೇಳಿದರೆ "ಮರಣ" ಅಂದರು. ಕಾರ್ಡು ತೋರಿಸಿದೆವು. ಪಟ್ಟಿಯಲ್ಲಿ ಇಲ್ಲದೆ ಕಾರ್ಡು ಇದ್ದು ಪ್ರಯೋಜನ ಇಲ್ಲವಂತೆ. ಹಿಂದೆ ಸಾಲಿನಲ್ಲಿ ನಿಂತ ಯಾರೋ ಒಬ್ಬರು, ಹಾಗಾದರೆ ಇವರು ಬಂದದ್ದು ಎಲ್ಲಿಂದ ಎಂದು ತಮಾಷೆ ಮಾಡಿದರು. ಅತ್ತೆ ಅದಕ್ಕೂ ನಗಲಿಲ್ಲ. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಮಧ್ಯಾಹ್ನದ ತನಕ ಹಾಗೇ ಕೂತಿದ್ದರು.

ನಮ್ಮ ಊಹೆ ಏನೆಂದರೆ, ಅದೇ ಹೆಸರಿನ ಇನ್ನೊಬ್ಬರು ಪಕ್ಕದ ವಾರ್ಡಿನಲ್ಲಿ ತೀರಿಕೊಂಡಿದ್ದರು. ಊಹೆ ಅಂದೆ, ಯಾಕೆಂದರೆ ಯಾರೂ ಇವತ್ತಿನ ತನಕ ಕಾರಣ ಹೇಳಿಲ್ಲ.

1950ರ ಜನಪ್ರತಿನಿಧಿ ಕಾಯ್ದೆಯ 22ನೇ ಕಲಂ ನಿಮಗೆ ಬಾಯಿಪಾಠ ಇರುತ್ತದೆ. ಊರು ಬಿಟ್ಟರು ಎಂದು ಹೆಸರು ತೆಗೆಯುವುದಾದರೆ ಅವರ ಮಾತನ್ನು ಮೊದಲು ಕೇಳಬೇಕು. ತೀರಿಕೊಂಡರು ಎಂದು ತೆಗೆಯುವುದಾದರೆ ಆ ನಿಯಮ ಇಲ್ಲ. ಸತ್ತವರನ್ನು ಏನು ಕೇಳುವುದು, ಅಲ್ವಾ? ಒಪ್ಪಿದೆ. ಸತ್ತದ್ದು ಹೌದಾ ಎಂದು ಮನೆಯವರನ್ನಾದರೂ ಕೇಳಬಹುದಿತ್ತು. ನಮ್ಮ ಮನೆ ಬಸ್ಸು ನಿಲ್ಲುವ ಜಾಗದಿಂದ ದೂರವೇನೂ ಇಲ್ಲ.

ಮೇಲಿಂದ ಇನ್ನೊಂದು. ಇದೇ ಸರಕಾರದ ಪಿಂಚಣಿಗೆ ಅತ್ತೆ ಜೀವಂತ! ವರ್ಷ ವರ್ಷ ಅಕ್ಷಯ ಸೇವಾ ಕೇಂದ್ರಕ್ಕೆ ಹೋಗಿ ಮಸ್ಟರಿಂಗ್, ಅಂದರೆ ಬದುಕಿದ್ದೇನೆ ಎಂಬ ಖಾತ್ರಿ, ಮಾಡಿಸುತ್ತಾರೆ. ಬೀಡಿ ಕಟ್ಟಿ ಕಟ್ಟಿ ಬೆರಳು ಸವೆದಿದೆ, ಮೆಷಿನ್ ಹೆಬ್ಬೆಟ್ಟು ಹಿಡಿಯುವುದಿಲ್ಲ. ಕಣ್ಣಿನ ಸ್ಕ್ಯಾನ್ ಮಾಡಿ ಬದುಕಿದ್ದಾರೆ ಎಂದು ಬರೆದುಕೊಳ್ಳುತ್ತಾರೆ. ದುಡ್ಡು ಕೊಡುವಾಗ ಇಷ್ಟು ಪರೀಕ್ಷೆ, ವೋಟು ಕಿತ್ತುಕೊಳ್ಳುವಾಗ ಯಾವುದೂ ಬೇಡ.

ಹೆಸರು ವಾಪಸು ಸೇರಿಸಿ ಎಂದು ಅರ್ಜಿ ಹಾಕಿದೆವು. ಕನ್ನಡದಲ್ಲಿ ಬರೆದೆವು. ಉತ್ತರ ಬಂತು, ಮಲಯಾಳದಲ್ಲಿ. ಅತ್ತೆ ಕಲಿತದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಮನೆಮಾತು ತುಳು. ನನಗೆ ಮಲಯಾಳ ಕೇಳಿದರೆ ಅಲ್ಪಸ್ವಲ್ಪ ಗೊತ್ತಾಗುತ್ತದೆ, ಓದಲು ಬರುವುದಿಲ್ಲ. ಓದಿ ಹೇಳುವವರು ಸಿಕ್ಕಿದಾಗ ಅದು ವಿಚಾರಣೆಗೆ ಬರಬೇಕೆಂಬ ನೋಟಿಸು ಎಂದು ತಿಳಿಯಿತು. ತಾರೀಖು ದಾಟಿ ಹೋಗಿತ್ತು.

ಅತ್ತೆಯನ್ನೇ ಕರೆದುಕೊಂಡು ಆ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದವರಿಗೆ ಕನ್ನಡ ಬರಲಿಲ್ಲ. ಅತ್ತೆ ಎದುರಿನ ಬೆಂಚಿನಲ್ಲಿ ಕೂತಿದ್ದರು, ಅವರ ಸಾವಿನ ಬಗ್ಗೆ ನಾವಿಬ್ಬರು ಕೈಸನ್ನೆಯಲ್ಲಿ ಮಾತಾಡಿದೆವು. ಕೊನೆಗೆ ಸಿಕ್ಕಿದ ಪರಿಹಾರ ಏನು ಗೊತ್ತಾ? ಹೊಸ ಮತದಾರರು ತುಂಬುವ ಫಾರಂ 6 ತುಂಬಿ ಕೊಡಿ. ಅದರಲ್ಲಿ, ಮೊದಲ ಸಲ ಹೆಸರು ಸೇರಿಸುತ್ತಿದ್ದೇನೆ ಎಂದು ಸಹಿ ಹಾಕಬೇಕು. 1965ರಿಂದ ವೋಟು ಹಾಕಿದವರು! ಅತ್ತೆ ಫಾರಂ ಮಡಚಿ ಚೀಲಕ್ಕೆ ಹಾಕಿದರು. ಸುಳ್ಳಿಗೆ ಸಹಿ ಹಾಕುವುದಿಲ್ಲ ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಮಲಯಾಳದ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಮಕ್ಕಳು ಕಲಿಯುತ್ತಿದ್ದಾರೆ, ಕಲಿಯಲಿ. ಆದರೆ 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದಿದೆ. ನಿಮಗೆ ಗೊತ್ತಿಲ್ಲದ ವಿಷಯವಲ್ಲ. ಚುನಾವಣೆ ಬಂದರೆ ಎಲ್ಲ ಪಕ್ಷದವರಿಗೂ ಕನ್ನಡ ಬರುತ್ತದೆ. ಕರಪತ್ರ ಕನ್ನಡ, ಮೈಕಿನಲ್ಲಿ ಕನ್ನಡ, ನಡುವೆ ಎರಡು ಮಾತು ತುಳು. ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣ ಬೇರೆ. ಏಳು ಭಾಷೆಯ ನೆಲದಲ್ಲಿ ನೋಟಿಸಿಗೆ ಮಾತ್ರ ಒಂದೇ ಭಾಷೆ ಯಾಕೆ ಸ್ವಾಮಿ?

ಅತ್ತೆಯ ಹೆಸರನ್ನು ಹಳೆಯ ಮತದಾರರಾಗಿಯೇ ವಾಪಸು ಸೇರಿಸಿ. ಮರಣ ಎಂದು ಹೆಸರು ತೆಗೆಯುವ ಮೊದಲು ಮನೆಗೆ ಬಂದು ನೋಡಿ. ನೋಟಿಸು ಕನ್ನಡದಲ್ಲಿ ಕೊಡಿ. ವಿಚಾರಣೆಗೆ ಕನ್ನಡ ಬಲ್ಲವರನ್ನು ಕೂರಿಸಿ, ಸಾಧ್ಯವಾದರೆ ನಮ್ಮ ಪಂಚಾಯತಿನಲ್ಲೇ ಇಡಿ, ಮಂಡಿನೋವಿನವರು ಎಷ್ಟು ಅಲೆಯುವುದು? ಎಂಟು ಪಂಚಾಯತಿನ ಕ್ಷೇತ್ರ, ಎಂಟು ಕುರ್ಚಿ ಸಾಕು. ಮನೆಗೆ ಬಂದು ನೋಡಿ. ಕನ್ನಡದಲ್ಲಿ ಕೊಡಿ.

ಉತ್ತರ ಬರೆಯುವುದಾದರೆ ವಿಳಾಸದಲ್ಲಿ ಅತ್ತೆಯ ಹೆಸರನ್ನೇ ಹಾಕಿ. ಸಹಿ ಹಾಕಿ ಟಪಾಲು ತೆಗೆದುಕೊಳ್ಳಲು ಅವರು ಮನೆಯಲ್ಲೇ ಇರುತ್ತಾರೆ.

ಇಂತಿ,
ಸದ್ಯಕ್ಕೆ ಪಟ್ಟಿಯಲ್ಲಿ ಹೆಸರು ಉಳಿದಿರುವ
ಮಂಜೇಶ್ವರದ ಒಬ್ಬ ಮತದಾರಳು