ಅಜ್ಜನ ನೆನಪಿಗೆ ಮಡಚು ಚಾಕುವಿನ ಸ್ಪರ್ಧೆ

ಆತ್ಮೀಯರೇ, ಅಜ್ಜ ತೀರಿಕೊಂಡು ಈ ತಿಂಗಳಿಗೆ ಒಂದು ವರ್ಷ. ಅವರ ಜೇಬಿನಲ್ಲಿ ಸದಾ ಇರುತ್ತಿದ್ದ ಮಡಚು ಚಾಕು ಈಗ ನನ್ನ ಬಳಿ ಇದೆ. ಹೆಬ್ಬೆರಳು ತಾಗುತ್ತಿದ್ದ ಕಡೆ ಮರದ ಹಿಡಿ ಸವೆದು ಸಣ್ಣ ಗುಳಿ ಬಿದ್ದಿದೆ. ಅವರು ಪ್ರೀತಿಸಿದ ಮರ ಕೆತ್ತುವ ಕೆಲಸವನ್ನೇ ಎಲ್ಲರೂ ಕೂತು ಮಾಡೋಣ ಎಂದು ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸ್ನೇಹದ ಸ್ಪರ್ಧೆ ಇಟ್ಟುಕೊಂಡಿದ್ದೇವೆ.

ಪಂದ್ಯ ಒಂದೇ: ಒಣಗಿದ ಮೃದು ಮರದ ಕಡ್ಡಿಯ ಮೇಲೆ 20 ನಿಮಿಷದಲ್ಲಿ ತೆಳು ಸುರುಳಿಗಳನ್ನು ಎಬ್ಬಿಸಬೇಕು, ಅವು ಕಡ್ಡಿಯಿಂದ ಕಳಚಬಾರದು. ಮರದ ಎಳೆಯ ದಿಕ್ಕಿನಲ್ಲೇ ಅಲಗನ್ನು ಬಹುತೇಕ ಮಲಗಿಸಿ ಜಾರಿಸಿದರೆ ಸುರುಳಿ ತಾನಾಗಿ ಏಳುತ್ತದೆ, ಒತ್ತಿದರೆ ತುಂಡಾಗುತ್ತದೆ. ವೇಗಕ್ಕೆ ಅಂಕವಿಲ್ಲ. ಅಜ್ಜನಿಗೂ ಅವಸರ ಹಿಡಿಸುತ್ತಿರಲಿಲ್ಲ.

ಚಾಕುವನ್ನು ಹಿಂದಿನ ದಿನವೇ ಮಸೆದು ತನ್ನಿ. ಮಸೆಯುವಾಗ ಅಲಗಿನ ಒಂದೊಂದು ಬದಿಗೆ ಕಲ್ಲಿನ ಮೇಲೆ ಸುಮಾರು 20 ಡಿಗ್ರಿ ಕೋನ ಸಾಕು. ಮೊಂಡು ಅಲಗಿಗೆ ಬಲ ಹೆಚ್ಚು ಬೇಕು, ಅದಕ್ಕೇ ಅದು ಜಾರಿ ಕೈ ಕೊಯ್ಯುತ್ತದೆ. ಕೂತುಕೊಂಡು, ಮೈಯಿಂದ ಹೊರಕ್ಕೆ ಕೆತ್ತಿ. ಚಾಚಿದ ಕೈಯಳತೆಯೊಳಗೆ ಯಾರೂ ಇರಬಾರದು. ಇನ್ನೊಬ್ಬರಿಗೆ ಮಡಚಿಯೇ ಕೊಡಿ. ಮಕ್ಕಳು ಹಿರಿಯರ ಪಕ್ಕದಲ್ಲಿ ಮಾತ್ರ.

ಗೆದ್ದವರು ಅಜ್ಜನ ಚಾಕುವಿನಿಂದಲೇ ಕೊನೆಯ ಸುರುಳಿ ಎಬ್ಬಿಸುತ್ತಾರೆ. ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ.