ಬೀಮರ್‌ನ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರಿಯ ಸುರೇಶ,

2007ರ ಟ್ರೆಂಟ್ ಬ್ರಿಜ್ ಟೆಸ್ಟ್‌ನಲ್ಲಿ ಭಾರತದ ವೇಗಿ ಶ್ರೀಶಾಂತ್ ಅವರು ಇಂಗ್ಲೆಂಡಿನ ಕೆವಿನ್ ಪೀಟರ್ಸನ್ ಅವರತ್ತ ಎಸೆದ ಬೀಮರ್ (ನೆಲಕ್ಕೆ ತಾಗದೆ ಸೊಂಟಕ್ಕಿಂತ ಮೇಲೆ ಬ್ಯಾಟರನತ್ತ ಬರುವ ಚೆಂಡು) ಕೈಜಾರಿ ಹೋದದ್ದೋ ಬೇಕೆಂದೇ ಎಸೆದದ್ದೋ ಎಂಬುದನ್ನು ಅಂಕಿಅಂಶಗಳಿಂದ ತೀರ್ಮಾನಿಸಬಹುದಲ್ಲವೇ ಎಂದು ಕೇಳಿದ್ದೀಯೆ. ಅದೇ ಪಂದ್ಯದಲ್ಲಿ ಅವರು ಕ್ರೀಸನ್ನು ಬಹಳಷ್ಟು ದಾಟಿ ಬಂದು ಕಾಲಿಂಗ್‌ವುಡ್‌ಗೆ ಬೌನ್ಸರ್ ಹಾಕಿದ್ದರಿಂದ ಅನುಮಾನ ಬಲವಾಯಿತು. ಶ್ರೀಶಾಂತ್ ಕ್ಷಮೆ ಕೇಳಿದರು. ಆದರೂ ಒಂದೇ ಒಂದು ಎಸೆತದಿಂದ ಬೌಲರನ ಮನಸ್ಸನ್ನು ಅಳೆಯುವ ಸೂತ್ರ ನನಗಂತೂ ತಿಳಿದಿಲ್ಲ.

ಮೊದಲು ಛೇದದ ಮಾತು, ಅಂದರೆ ಎಷ್ಟು ಪ್ರಯತ್ನಗಳಲ್ಲಿ ಎಷ್ಟು ಎಂಬುದು. ಬೀಮರ್ ಬಹುಪಾಲು ಹಾದಿ ತಪ್ಪಿದ ಯಾರ್ಕರ್. ಚೆಂಡು ಕೈಯಿಂದ ಕ್ಷಣಾರ್ಧ ಮೊದಲೇ ಬಿಟ್ಟುಹೋದರೆ ಬ್ಯಾಟರನ ಕಾಲಬುಡಕ್ಕೆ ಹೋಗಬೇಕಾದದ್ದು ಎದೆಯ ಮಟ್ಟಕ್ಕೆ ಏರುತ್ತದೆ. ಹೀಗಾಗಿ ಯಾರು ಎಷ್ಟು ಬೀಮರ್ ಎಸೆದರು ಎಂದು ಎಣಿಸುವ ಮೊದಲು ಅವರು ಎಷ್ಟು ಯಾರ್ಕರ್‌ಗೆ ಪ್ರಯತ್ನಿಸಿದರು, ಅದರಲ್ಲೂ ಇಬ್ಬನಿಯಿಂದ ಒದ್ದೆಯಾದ ಚೆಂಡಿನಲ್ಲಿ ಎಷ್ಟು ಎಂಬುದನ್ನು ಕೇಳಬೇಕು. 2005ರಲ್ಲಿ ಆಸ್ಟ್ರೇಲಿಯಾದ ವೇಗಿ ಬ್ರೆಟ್ ಲೀ ಅವರ ಬೀಮರ್‌ಗಳ ಬಗ್ಗೆ ಗುಲ್ಲೆದ್ದಾಗ ಈ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೋ: ನೂರು ವೇಗಿಗಳಿದ್ದಾರೆ, ಯಾರಿಗೂ ದುರುದ್ದೇಶವಿಲ್ಲ, ಪ್ರತಿಯೊಬ್ಬರ ಕೈಯಿಂದ ವರ್ಷಕ್ಕೆ ಸರಾಸರಿ ಒಂದು ಬೀಮರ್ ಜಾರುತ್ತದೆ. ಅಪರೂಪದ ಘಟನೆ ಎಷ್ಟು ಸಲ ನಡೆಯಬಹುದೆಂದು ಲೆಕ್ಕ ಹಾಕುವ ಪಾಯ್ಸಾನ್ ಹಂಚಿಕೆಯ ಪ್ರಕಾರ ಒಬ್ಬ ಬೌಲರ್ ಒಂದೇ ವರ್ಷದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಸೆಯುವ ಸಂಭವ ಸುಮಾರು ಶೇ 1.9. ಅಂದರೆ ನೂರರಲ್ಲಿ ಇಬ್ಬರು ಏನೂ ತಪ್ಪು ಮಾಡದೆಯೇ ಪ್ರತಿವರ್ಷ ಪತ್ರಿಕೆಗಳ ತಲೆಬರಹಕ್ಕೆ ಸಿಕ್ಕಿಬೀಳುತ್ತಾರೆ.

ಎರಡು ಬೀಮರ್ ಒಟ್ಟಿಗೆ ಬಂದರೆ ಸಂಭವಗಳನ್ನು ಗುಣಿಸಿಬಿಡುವುದು ಇನ್ನೂ ಅಪಾಯಕರ. 2003ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಅವರಿಗೆ ಎರಡು ಬೀಮರ್ ಎಸೆದ ಪಾಕಿಸ್ತಾನದ ವಕಾರ್ ಯೂನಿಸ್ ಅವರನ್ನು ಅಂಪೈರ್‌ಗಳು ಬೌಲಿಂಗ್‌ನಿಂದಲೇ ತೆಗೆದರು. ಅಂದಿನ ಕೈ, ಅಂದಿನ ಚೆಂಡು, ಅಂದಿನ ದಣಿವು ಎರಡೂ ಎಸೆತಗಳಿಗೆ ಒಂದೇ ಆಗಿರುವುದರಿಂದ ಅವುಗಳನ್ನು ಪರಸ್ಪರ ಸ್ವತಂತ್ರ ಘಟನೆಗಳೆಂದು ಎಣಿಸುವಂತಿಲ್ಲ.

ಹಾಗಾದರೆ ಎಲ್ಲಿ ಹುಡುಕಬೇಕು? ಕೈಜಾರಿದ ಚೆಂಡು ಗುರಿ ತಪ್ಪಿ ಎಡಕ್ಕೂ ಬಲಕ್ಕೂ ಚದುರಬೇಕು. ಉದ್ದೇಶಪೂರ್ವಕ ಎಸೆತಗಳು ಬ್ಯಾಟರನ ಮೈಯ ಸುತ್ತಲೇ ಗುಂಪುಗೂಡಬೇಕು. ಕೈಜಾರುವಿಕೆಗೆ ಹಿಂದಿನ ಚೆಂಡು ಬೌಂಡರಿಗೆ ಹೋಯಿತೇ ಎಂಬುದು ಹೆಚ್ಚು ಲೆಕ್ಕಕ್ಕೆ ಬರಬಾರದು, ಸಿಟ್ಟಿಗಾದರೆ ಅದೇ ಮುಖ್ಯ. 2006ರ ಫೈಸಲಾಬಾದ್ ಟೆಸ್ಟ್ ಈ ದೃಷ್ಟಿಯಿಂದ ಅಪರೂಪದ್ದು: ಸತ್ವವಿಲ್ಲದ ಪಿಚ್‌ನಲ್ಲಿ ಧೋನಿ 148 ರನ್ ಹೊಡೆದ ಆ ಇನ್ನಿಂಗ್ಸ್‌ನಲ್ಲಿ ತಾನು ಬೇಕೆಂದೇ ಬೀಮರ್ ಎಸೆದೆನೆಂದು ಪಾಕಿಸ್ತಾನದ ವೇಗಿ ಶೋಯಬ್ ಅಖ್ತರ್ ವರ್ಷಗಳ ನಂತರ ತಾವೇ ಒಪ್ಪಿಕೊಂಡರು. ಉತ್ತರ ಗೊತ್ತಿರುವ ಇಂಥ ಪ್ರಕರಣಗಳು ಬೆರಳೆಣಿಕೆಯಷ್ಟು, ಆದ್ದರಿಂದ ನಮ್ಮ ಮಾದರಿ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವುದೇ ಕಷ್ಟ.

2010ರ ಲಾರ್ಡ್ಸ್‌ನ ನೋಬಾಲ್ ಫಿಕ್ಸಿಂಗ್ ಪ್ರಕರಣವನ್ನು ನೀನು ಎದುರಿಡಬಹುದು. ಅಲ್ಲಿ ಪಾಕಿಸ್ತಾನದ ವೇಗಿಗಳಾದ ಆಮಿರ್ ಮತ್ತು ಆಸಿಫ್ ಯಾವ ಚೆಂಡಿನಲ್ಲಿ ಗೆರೆ ದಾಟುತ್ತಾರೆಂಬುದನ್ನು ಮೊದಲೇ ಹೇಳಿಡಲಾಗಿತ್ತು; ಮುಂಚಿತವಾಗಿ ಹೇಳಿದ್ದು ಹಾಗೆಯೇ ನಡೆದಾಗ ಆಕಸ್ಮಿಕ ಎಂಬ ವಾದಕ್ಕೆ ಉಸಿರೇ ಇರುವುದಿಲ್ಲ. ಬೀಮರ್ ವಿಷಯದಲ್ಲಿ ನಾವು ಚೆಂಡು ಹೋದ ಮೇಲೆ ಲೆಕ್ಕಕ್ಕೆ ಕೂರುತ್ತೇವೆ.

ಅಂಪೈರ್‌ಗೆ ಈ ತಲೆನೋವು ಅಷ್ಟಿಲ್ಲ. ಕ್ರಿಕೆಟ್‌ನ ಈಗಿನ 41.7ನೇ ನಿಯಮದ ಪ್ರಕಾರ ನೆಲಕ್ಕೆ ತಾಗದೆ ಸೊಂಟಕ್ಕಿಂತ ಮೇಲೆ ಬಂದ ಚೆಂಡು ನೋಬಾಲ್. ಅದು ಅಪಾಯಕಾರಿಯಾಗಿದ್ದರೆ ಮೊದಲ ಹಾಗೂ ಕೊನೆಯ ಎಚ್ಚರಿಕೆ, ಮರುಕಳಿಸಿದರೆ ಆ ಇನ್ನಿಂಗ್ಸ್‌ನಲ್ಲಿ ಬೌಲಿಂಗ್ ಬಂದ್. ಬೇಕೆಂದೇ ಎಸೆದದ್ದೆಂದು ಅನಿಸಿದರೆ ಮಾತ್ರ ಎಚ್ಚರಿಕೆಯಿಲ್ಲದೆ ನೇರವಾಗಿ ಹೊರಗೆ. ಉದ್ದೇಶದ ಪ್ರಶ್ನೆಯನ್ನು ಈ ಒಂದು ಮೂಲೆಗಷ್ಟೇ ಸೀಮಿತಗೊಳಿಸಿದ್ದು ಜಾಣತನವೆಂದೇ ನನ್ನ ಎಣಿಕೆ.

ನೀನು ಕಳಿಸಿದ ಬೀಮರ್‌ಗಳ ಪಟ್ಟಿಯಲ್ಲಿ ಓವರ್ ಇದೆ, ಬೌಲರ್ ಇದ್ದಾರೆ. ಹಿಂದಿನ ಚೆಂಡಿಗೆ ಎಷ್ಟು ರನ್ ಬಂತೆಂಬುದೂ ಬೀಮರ್ ಯಾವ ಗೆರೆಯಲ್ಲಿ ಹೋಯಿತೆಂಬುದೂ ಇಲ್ಲ. ಆ ಎರಡನ್ನೂ ತುಂಬಿಸಿ ಕಳಿಸು, ಉಳಿದ ಲೆಕ್ಕ ನಾನು ಮಾಡುತ್ತೇನೆ.

ನಿನ್ನ,
ರಾಘು