ಜಲಪಾತಕ್ಕೆ ಎಷ್ಟು ಕಿಲೋಮೀಟರ್ ಅಂತಲ್ಲ, ಎಷ್ಟು ಹೊತ್ತು ಅಂತ ಬರೆಯಿರಿ

ಸಂಪಾದಕರೇ,

ವಾರಾಂತ್ಯದ ಪುಟದಲ್ಲಿ ಜಲಪಾತಗಳ ಬಗ್ಗೆ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಫೋಟೊ ಚೆನ್ನಾಗಿರುತ್ತದೆ, ವರ್ಣನೆಯೂ ಚೆನ್ನಾಗಿರುತ್ತದೆ. ಆದರೆ ಹೋಗಿ ಬರಬೇಕು ಅಂದುಕೊಂಡವರಿಗೆ ಸಿಗುವುದು ಕೊನೆಯಲ್ಲಿ ಒಂದೇ ಒಂದು ಸಾಲು: ಕಾಡಿನೊಳಗೆ ಮೂರು ಕಿಲೋಮೀಟರ್ ನಡೆದರೆ ಸಾಕು. ನನ್ನ ತಕರಾರು ಇರುವುದು ಈ ಸಾಲಿನ ಮೇಲೆ. ಮೂರು ಕಿಲೋಮೀಟರ್ ಅಂದ ಕೂಡಲೇ ಓದುವವರ ತಲೆಯಲ್ಲಿ ಬರುವುದು ಮನೆ ಮುಂದಿನ ಟಾರು ರಸ್ತೆ. ಅರ್ಧ ಮುಕ್ಕಾಲು ಗಂಟೆ ಅಷ್ಟೇ ಅಲ್ವಾ, ಊಟ ಮುಗಿಸಿ ಆರಾಮಾಗಿ ಹೊರಟರಾಯಿತು ಅಂತ ಲೆಕ್ಕ ಹಾಕಿಬಿಡುತ್ತಾರೆ.

ಬೆಟ್ಟ ಹತ್ತುವುದಕ್ಕೂ ಜಲಪಾತ ನೋಡುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಟ್ಟದಲ್ಲಿ ಕಷ್ಟ ಮೊದಲೇ ಬರುತ್ತದೆ. ಆಗದಿದ್ದರೆ ಅರ್ಧಕ್ಕೇ ತಿರುಗಬಹುದು, ವಾಪಸ್ ಬರುವುದು ಇಳಿಜಾರೇ. ಜಲಪಾತದ ಬುಡಕ್ಕೆ ಹೋಗುವ ದಾರಿ ಎಷ್ಟೋ ಕಡೆ ಇದಕ್ಕೆ ತದ್ವಿರುದ್ಧ. ಹೋಗುವಾಗ ಸರಸರ ಇಳಿದುಬಿಡುತ್ತೀರಿ, ಮಕ್ಕಳು ಓಡುತ್ತಾರೆ, ದೊಡ್ಡವರೂ ಹುರುಪಿನಲ್ಲಿರುತ್ತಾರೆ. ಆಮೇಲೆ ನೀರಿನಲ್ಲಿ ಆಡಿ, ಬಟ್ಟೆ ಒದ್ದೆಯಾಗಿ, ಹೊಟ್ಟೆ ಹಸಿದು, ಕಾಲು ಸೋತ ಮೇಲೆ ಶುರುವಾಗುತ್ತದೆ ನೋಡಿ ಏರು. ಅದೇ ದಾರಿ, ಅದೇ ಮೂರು ಕಿಲೋಮೀಟರ್, ಆದರೆ ಅದೇ ಹೊತ್ತು ಸಾಲುವುದಿಲ್ಲ.

ಇದಕ್ಕೆ ಹಳೆಯ ಲೆಕ್ಕವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. ಜಲಪಾತದ ಬುಡ 3 ಕಿಲೋಮೀಟರ್ ದೂರದಲ್ಲಿ, 300 ಮೀಟರ್ ಕೆಳಗೆ ಇದೆ ಅಂದುಕೊಳ್ಳಿ. ಇಳಿಯಲು 36 ನಿಮಿಷ, ಹತ್ತಲು 66 ನಿಮಿಷ. ಆದರೆ ಇದು ಗಟ್ಟಿಮುಟ್ಟಾದವರು ಒಳ್ಳೆಯ ದಾರಿಯಲ್ಲಿ ಎಲ್ಲೂ ಕೂರದೆ ನಡೆದರೆ. ಬೇರು, ಕಲ್ಲು, ಕೆಸರು, ನಡುವೆ ದಾಟಬೇಕಾದ ಹಳ್ಳ, ಜೊತೆಗೆ ಮಕ್ಕಳು, ಮಂಡಿ ನೋವಿನ ಹಿರಿಯರು ಇದ್ದರೆ ನಾನಂತೂ ಸೀದಾ ಎರಡರಷ್ಟು ಇಟ್ಟುಕೊಳ್ಳುತ್ತೇನೆ. ಮೂರೂವರೆ ಗಂಟೆ ಆಯಿತು. ನೀರಿನ ಹತ್ತಿರ ಒಂದು ಗಂಟೆಯಾದರೂ ಕೂರಬೇಡವೇ? ಅಲ್ಲಿಗೆ ನಾಲ್ಕೂವರೆ. ಮಧ್ಯಾಹ್ನ ಒಂದಕ್ಕೆ ಹೊರಟವರು ಹೊರಗೆ ಬರುವಾಗ ಸಂಜೆ ಐದೂವರೆ. ಮರಗಳು ದಟ್ಟವಾಗಿರುವ ಕಣಿವೆಯಲ್ಲಿ ಬಯಲಿಗಿಂತ ಮೊದಲೇ ಕತ್ತಲಾಗುತ್ತದೆ. ರಸ್ತೆಯಲ್ಲಿ ಇನ್ನೂ ಬೆಳಕಿರುವಾಗಲೇ ಒಳಗೆ ಕಾಲು ಇಡುವ ಕಲ್ಲು ಕಾಣಿಸುವುದಿಲ್ಲ.

ಹಾಗಾಗಿ ಹೊರಡುವ ಹೊತ್ತಿನಷ್ಟೇ ವಾಪಸ್ ತಿರುಗುವ ಹೊತ್ತನ್ನೂ ಮನೆಯಲ್ಲೇ ನಿಶ್ಚಯ ಮಾಡಿಕೊಳ್ಳಬೇಕು. ಆ ಹೊತ್ತಾದಾಗ ಜಲಪಾತ ಇನ್ನೂ ಹತ್ತು ನಿಮಿಷ ಮುಂದಿದ್ದರೂ ತಿರುಗಲೇಬೇಕು. ಹೇಳುವುದು ಸುಲಭ, ಶಬ್ದ ಕಿವಿಗೆ ಬೀಳುತ್ತಿರುವಾಗ ತಿರುಗುವುದು ಎಷ್ಟು ಕಷ್ಟ ಅಂತ ಹೋದವರಿಗೇ ಗೊತ್ತು. ಇನ್ನೊಂದು ವಿಷಯ, ನಿಧಾನ ನಡೆಯುವವರನ್ನು ಮುಂದೆ ಬಿಡಿ. ಎಲ್ಲ ಗುಂಪಿನಲ್ಲೂ ಒಬ್ಬ ಚುರುಕು ಹುಡುಗ ಇರುತ್ತಾನೆ, ಅವನು ಅರ್ಧ ಕಿಲೋಮೀಟರ್ ಮುಂದೆ ಹೋಗಿ ಬಂಡೆ ಮೇಲೆ ಕೂತು ಫೋಟೊ ತೆಗೆಯುತ್ತಾನೆ, ಹಿಂದಿನವರು ಬಂದ ಕೂಡಲೇ ಎದ್ದು ಹೊರಡುತ್ತಾನೆ. ಪಾಪ, ಸುಸ್ತಾದವರಿಗೆ ಮಾತ್ರ ವಿಶ್ರಾಂತಿಯೇ ಇಲ್ಲ.

ಹೊತ್ತಿನ ಜೊತೆಗೆ ನೀರಿನ ಬಗ್ಗೆಯೂ ಬರೆಯಬೇಕು. ಜಲಪಾತ ಚೆಂದ ಕಾಣುವುದು ಮಳೆ ಬಂದಾಗ, ದಾರಿ ಕೆಡುವುದೂ ಆಗಲೇ. ನಮ್ಮ ತಲೆ ಮೇಲೆ ಬಿಸಿಲಿದ್ದರೆ ಸಾಕು ಅಂದುಕೊಳ್ಳುತ್ತೇವೆ. ಹಳ್ಳಕ್ಕೆ ನೀರು ಬರುವುದು ಮೇಲಿನ ಗುಡ್ಡಗಳಿಂದ, ಅಲ್ಲಿ ಜೋರು ಮಳೆ ಹೊಡೆದರೆ ಇಲ್ಲಿ ಒಂದು ಹನಿ ಬೀಳದೆಯೂ ನೀರು ಏರುತ್ತದೆ. ಹೋಗುವಾಗ ಹಳ್ಳ ದಾಟಿದ ಜಾಗದಲ್ಲಿ, ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲು ಗುರುತಿಟ್ಟುಕೊಳ್ಳಿ. ನೀರಿಗೆ ಇಳಿದ ಮೇಲೂ ಕಣ್ಣು ಬಿಟ್ಟಿರಬೇಕು. ತಿಳಿಯಾಗಿದ್ದ ನೀರು ಚಹಾ ಬಣ್ಣಕ್ಕೆ ತಿರುಗಿತು, ಇಷ್ಟು ಹೊತ್ತು ಇಲ್ಲದ ಎಲೆ, ಕಡ್ಡಿ, ತೊಗಟೆ ತೇಲಿ ಬರತೊಡಗಿತು, ಸದ್ದು ದಪ್ಪವಾಯಿತು ಅಂದರೆ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಮೊದಲು ದಡದ ಎತ್ತರಕ್ಕೆ ಹತ್ತಿ. ವಾಪಸ್ ಬರುವಾಗ ಗುರುತಿನ ಕಲ್ಲು ಮುಳುಗಿದ್ದು ಸೆಳೆತ ಜೋರಾಗಿದ್ದರೆ ದಾಟದೆ ಕಾಯುವುದೇ ಸರಿ. ವೇಗವಾಗಿ ಹರಿಯುವ ನೀರು ಒಂದು ಗೇಣಿಗಿಂತ ಕಡಿಮೆ ಆಳವಿದ್ದರೂ ದೊಡ್ಡವರನ್ನೇ ಬೀಳಿಸಬಲ್ಲದು. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುವುದೂ ಉಂಟು, ಆದರೆ ಆ ಕಾಯುವ ಹೊತ್ತು ನಿಮ್ಮ ಲೆಕ್ಕದಲ್ಲಿ ಇರಬೇಕಲ್ಲ.

ಜಲಪಾತದ ಬುಡದ ಮಡುವಿನ ಬಗ್ಗೆಯೂ ಜನರಲ್ಲಿ ಒಂದು ತಪ್ಪು ಧೈರ್ಯವಿದೆ. ನನಗೆ ಈಜು ಬರುತ್ತದೆ ಅನ್ನುತ್ತಾರೆ. ನೀರು ಧುಮುಕುವ ಜಾಗ ಬೆಳ್ಳಗೆ ನೊರೆ ನೊರೆಯಾಗಿ ಕಾಣುತ್ತದಲ್ಲ, ಅದರಲ್ಲಿ ಗಾಳಿ ತುಂಬಿರುತ್ತದೆ. ಗಾಳಿ ಸೇರಿದ ನೀರು ಮೈಯನ್ನು ಅಷ್ಟು ಚೆನ್ನಾಗಿ ತೇಲಿಸುವುದಿಲ್ಲ. ಅದರ ಜೊತೆಗೆ ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಎದ್ದು, ಒಂದಿಷ್ಟು ಮತ್ತೆ ಬುಡದ ಕಡೆಗೇ ಸುತ್ತಿ ಬರುತ್ತದೆ. ಈಜುವವರನ್ನೂ ಹಾಗೆಯೇ ಎಳೆದುಕೊಳ್ಳುತ್ತದೆ. ತಳದಲ್ಲಿ ಬಂಡೆ ಇದೆಯೋ ಮರದ ದಿಮ್ಮಿ ಸಿಕ್ಕಿಕೊಂಡಿದೆಯೋ ನೊರೆಯಲ್ಲಿ ಕಾಣುವುದೂ ಇಲ್ಲ. ಮೇಲಿನಿಂದ ಹಾರುವ ಸಾಹಸ ಬೇಡವೇ ಬೇಡ. ನೀರಿನ ತುಂತುರು ಬೀಳುವ ಬಂಡೆಗಳ ಮೇಲೆ ತೆಳ್ಳಗೆ ಪಾಚಿ ಇರುತ್ತದೆ, ಬರೀ ಕಣ್ಣಿಗೆ ಅದು ಒದ್ದೆ ಕಲ್ಲಿನಂತೆಯೇ ಕಾಣುತ್ತದೆ. ಜಲಪಾತದ ನೆತ್ತಿಯಲ್ಲಿ ಫೋನ್ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುವವರನ್ನು ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಫೋನ್ ಅಂದಾಗ ನೆನಪಾಯಿತು. ನೆಟ್‌ವರ್ಕ್ ಇಲ್ಲದಿದ್ದರೆ ಮ್ಯಾಪ್ ಕೆಲಸ ಮಾಡುವುದಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಜಿಪಿಎಸ್ ಸಿಗ್ನಲ್ ಬರುವುದು ಉಪಗ್ರಹದಿಂದ, ಮೊಬೈಲ್ ಟವರ್ ಬೇಕಿಲ್ಲ. ಆ ಜಾಗದ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಆಯಿತು. ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ, ಅದಕ್ಕೆ ಒಳಗೆ ಹೋದ ಮೇಲೆ ಏರೋಪ್ಲೇನ್ ಮೋಡ್ ಹಾಕಿಡಿ. ಯಾವ ದಾರಿ, ಯಾರ‍್ಯಾರು, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಉಳಿದ ಒಬ್ಬರಿಗೆ ಹೇಳಿ ಹೋಗಿ. ಟಾರ್ಚ್, ಒಂದು ಸೀಟಿ ಚೀಲದಲ್ಲಿರಲಿ. ಕೂಗಿದರೆ ಗಂಟಲು ಬೇಗ ಸೋಲುತ್ತದೆ. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಬೆಟ್ಟಗಳಲ್ಲಿ ಸಹಾಯ ಕೇಳುವ ರೂಢಿಯ ಸಂಕೇತ, ಉತ್ತರ ಮೂರು ಸೀಟಿ.

ಇಷ್ಟನ್ನೆಲ್ಲ ಪ್ರತಿ ಬರಹದಲ್ಲೂ ಹಾಕಿ ಅಂತ ನಾನು ಕೇಳುತ್ತಿಲ್ಲ, ಪತ್ರಿಕೆಯಲ್ಲಿ ಜಾಗ ಎಷ್ಟಿರುತ್ತದೆ ಅಂತ ಗೊತ್ತು. ಮೂರು ಕಿಲೋಮೀಟರ್ ಅನ್ನುವ ಬದಲು ಹೋಗಿ ಬರಲು ಎಷ್ಟು ಗಂಟೆ, ಎಷ್ಟು ಮೀಟರ್ ಇಳಿದು ಹತ್ತಬೇಕು, ನಡುವೆ ಎಷ್ಟು ಹಳ್ಳ ದಾಟಬೇಕು, ಒಳಗೆ ಬಿಡಲು ಅನುಮತಿ ಬೇಕೇ ಅಂತ ಎರಡು ಸಾಲು ಬರೆಯಿಸಿ. ಬರೆದವರು ನಿಜವಾಗಿ ನಡೆದು ಬಂದಿದ್ದರೆ ಇದು ಅವರಿಗೆ ಐದು ನಿಮಿಷದ ಕೆಲಸ. ಹಾಗೆಯೇ ಫೋಟೊ ಯಾವ ತಿಂಗಳಲ್ಲಿ ತೆಗೆದದ್ದು ಅಂತಲೂ ಕೆಳಗೆ ಹಾಕಿ. ಮಳೆಗಾಲದ ಫೋಟೊ ನೋಡಿಕೊಂಡು ಬೇಸಿಗೆಯಲ್ಲಿ ಹೋದವರಿಗೆ ಒಣಗಿದ ಬಂಡೆ ತೋರಿಸುವುದು ಯಾವ ನ್ಯಾಯ?

ಇಂತಿ,
ನಿಮ್ಮ ಓದುಗ